ರಾಜ್ಯದ ಸಿವಿಲ್ ಕಾನೂನುಗಳ ವ್ಯಾಖ್ಯೆಗಳು: ಯಾವ ಪದ ಹೋಗಬೇಕು, ಯಾವುದು ಉಳಿಯಬೇಕು?

ಭಾಷಾಂತರಕಾರ

ಹದಿನಾಲ್ಕು ವರ್ಷಗಳಿಂದ ಕ್ರಯಪತ್ರ, ದಾನಪತ್ರ, ಪಾಲುಪಟ್ಟಿ, ದಾವಾ ಅರ್ಜಿಗಳನ್ನು ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ಮಾಡುತ್ತಿದ್ದೇನೆ. ಇಷ್ಟು ವರ್ಷಗಳಲ್ಲಿ ಒಂದು ಮಾತು ಮನಸ್ಸಿನಲ್ಲಿ ಗಟ್ಟಿಯಾಗಿದೆ. ಜನ ಕಾಯ್ದೆಯ ಹೆಸರು ಓದುತ್ತಾರೆ, ಕಾಲಂ ತುಂಬುತ್ತಾರೆ, ಶುಲ್ಕ ಎಷ್ಟು ಎಂದು ಕೇಳುತ್ತಾರೆ. ಕಾಯ್ದೆಯ ಎರಡನೆಯ ಪ್ರಕರಣವನ್ನು, ಅಂದರೆ ಎರಡನೆಯ ಕಲಮನ್ನು, ಮಾತ್ರ ಯಾರೂ ಓದುವುದಿಲ್ಲ. ವ್ಯಾಖ್ಯೆಗಳು ಇರುವುದು ಅಲ್ಲಿ. ಯಾರು ಲೆಕ್ಕಕ್ಕೆ ಬರುತ್ತಾರೆ, ಯಾರು ಬರುವುದಿಲ್ಲ ಎಂಬುದು ತೀರ್ಮಾನವಾಗುವುದೂ ಅಲ್ಲಿಯೇ.

ಗೋವಾದಲ್ಲಿ 1867ರ ಪೋರ್ಚುಗೀಸ್ ಸಂಹಿತೆಯ ಕೌಟುಂಬಿಕ ಭಾಗಗಳಿಂದ ಬೆಳೆದುಬಂದ ಸಿವಿಲ್ ಕಾನೂನು ಇದೆ. ಉತ್ತರಾಖಂಡವು 2024ರಲ್ಲಿ ತನ್ನದೊಂದು ಏಕರೂಪ ನಾಗರಿಕ ಸಂಹಿತೆಯನ್ನು ಅಂಗೀಕರಿಸಿ 2025ರ ಜನವರಿ 27ರಂದು ಜಾರಿಗೆ ತಂದಿತು. ಕರ್ನಾಟಕದಲ್ಲಿ ಅಂತಹ ಒಂದು ಪುಸ್ತಕ ಇಲ್ಲ. 1957ರ ಮುದ್ರಾಂಕ ಕಾಯ್ದೆ, 1961ರ ಭೂ ಸುಧಾರಣಾ ಕಾಯ್ದೆ, 1964ರ ಭೂ ಕಂದಾಯ ಕಾಯ್ದೆ, ಇವುಗಳ ಜೊತೆಗೆ ಕೇಂದ್ರದ ಉತ್ತರಾಧಿಕಾರ ಕಾಯ್ದೆ, ಆಸ್ತಿ ವರ್ಗಾವಣೆ ಕಾಯ್ದೆ, ಕಾಲಮಿತಿ ಕಾಯ್ದೆ. ಇವೆಲ್ಲ ಸೇರಿ ನಮ್ಮ ಸಿವಿಲ್ ಬದುಕನ್ನು ಆಳುತ್ತವೆ. ಪ್ರತಿಯೊಂದಕ್ಕೂ ತನ್ನದೇ ವ್ಯಾಖ್ಯೆ, ತನ್ನದೇ ಕಾಲದ ಪದಗಳು.

"ಕುಟುಂಬ" ಎಂಬ ಪದವನ್ನೇ ನೋಡಿ. ದಾನಪತ್ರಕ್ಕೆ ಮುದ್ರಾಂಕ ಶುಲ್ಕದ ರಿಯಾಯಿತಿ ಕೊಡುವಾಗ ಕುಟುಂಬದಲ್ಲಿ ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಸೇರುತ್ತಾರೆ. ಭೂ ಸುಧಾರಣಾ ಕಾಯ್ದೆಯ ಕುಟುಂಬ ಬೇರೆ: ವ್ಯಕ್ತಿ, ಆ ವ್ಯಕ್ತಿಯ ಗಂಡ ಅಥವಾ ಹೆಂಡತಿ, ಅಪ್ರಾಪ್ತ ವಯಸ್ಸಿನ ಗಂಡುಮಕ್ಕಳು ಮತ್ತು ಅವಿವಾಹಿತ ಹೆಣ್ಣುಮಕ್ಕಳು. ಕೊನೆಯ ಎರಡನ್ನು ಮತ್ತೊಮ್ಮೆ ಓದಿ. ಮಗನಿಗೆ ವಯಸ್ಸಿನ ಅಳತೆ, ಮಗಳಿಗೆ ಮದುವೆಯ ಅಳತೆ. ಹದಿನೆಂಟು ತುಂಬಿದ ದಿನ ಮಗ ತಂದೆಯ ಲೆಕ್ಕದಿಂದ ಹೊರಬಂದು ತಾನೇ ಒಬ್ಬ ಹಿಡುವಳಿದಾರನಾಗಿ ನಿಲ್ಲುತ್ತಾನೆ. ಮಗಳಿಗೆ ನಲವತ್ತಾದರೂ, ಮದುವೆಯಾಗದಿದ್ದರೆ, ಒಂದು ಕುಟುಂಬ ಹೊಂದಬಹುದಾದ ಭೂಮಿಯ ಗರಿಷ್ಠ ಮಿತಿಯನ್ನು ಎಣಿಸುವಾಗ ಅವಳು ತಂದೆಯ ಲೆಕ್ಕದೊಳಗೇ ಇರುತ್ತಾಳೆ.

ಇಂತಹ ವ್ಯಾಖ್ಯೆಗಳನ್ನು ಪರಿಷ್ಕರಿಸುವಂತೆ ಸರ್ಕಾರಕ್ಕೆ ಒಂದು ಮನವಿ ಬರೆಯಬೇಕೆಂದಿದ್ದೇನೆ. ಕರಡು ಮಾಡುವ ಮೊದಲು ಇಲ್ಲಿರುವ ವಕೀಲರು, ಕಂದಾಯ ಇಲಾಖೆಯ ಅನುಭವಿಗಳು, ಆಸ್ತಿ ವ್ಯವಹಾರದಲ್ಲಿ ಪೆಟ್ಟು ತಿಂದವರು ತಮ್ಮ ಮಾತು ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ದೊಡ್ಡಮಗಳು

ನೀವು ಬರೆದ ಆ ನಲವತ್ತರ ಅವಿವಾಹಿತ ಮಗಳು ನಾನೇ. ವಯಸ್ಸು ಮಾತ್ರ ನಲವತ್ತನಾಲ್ಕು.

ಅಪ್ಪನಿಗೆ ಪಾರ್ಶ್ವವಾಯು ಬಡಿದ ಮೇಲೆ ಹನ್ನೊಂದು ವರ್ಷಗಳಿಂದ ಜಮೀನು ನೋಡಿಕೊಳ್ಳುತ್ತಿರುವವಳು ನಾನು. ಬಿತ್ತನೆ, ಕೂಲಿ ಬಟವಾಡೆ, ಬೋರ್‌ವೆಲ್ ರಿಪೇರಿ, ಸೊಸೈಟಿ ಸಾಲ ಎಲ್ಲವೂ ನನ್ನ ಕೈಯಲ್ಲಿವೆ. ನನ್ನ ತಮ್ಮ ಪಟ್ಟಣದಲ್ಲಿದ್ದಾನೆ, ಒಳ್ಳೆಯವನು, ಅವನ ಮೇಲೆ ನನಗೆ ಯಾವ ದೂರೂ ಇಲ್ಲ. ಪಕ್ಕದ ಜಮೀನು ಮಾರಾಟಕ್ಕೆ ಬಂದಾಗ ನನ್ನ ಉಳಿತಾಯದಿಂದ ಕೊಳ್ಳೋಣವೆಂದು ಹೊರಟೆ. ದಾಖಲೆ ನೋಡಿದವರು ಒಂದು ಹಾಳೆಯಲ್ಲಿ ಲೆಕ್ಕ ಹಾಕಿದರು. ತಮ್ಮನ ಹೆಸರನ್ನು ಪ್ರತ್ಯೇಕ ಸಾಲಿನಲ್ಲಿ ಬರೆದರು, ನನ್ನ ಹೆಸರನ್ನು ಅಪ್ಪನ ಹೆಸರಿನ ಕೆಳಗೆ, ಆವರಣದೊಳಗೆ ಬರೆದರು. "ನಿಮ್ಮದು ತಂದೆಯವರ ಜೊತೆಗೇ ಸೇರುತ್ತದೆ" ಎಂದರು. ನಮ್ಮದು ಮಿತಿ ದಾಟುವಷ್ಟು ದೊಡ್ಡ ಹಿಡುವಳಿಯಲ್ಲ, ಆದ್ದರಿಂದ ಖರೀದಿ ನಿಲ್ಲಲಿಲ್ಲ. ಆದರೆ ಆ ಆವರಣ ಚಿಹ್ನೆ ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ.

ಮನವಿ ಬರೆಯಿರಿ. ನನ್ನ ಸಹಿ ಮೊದಲನೆಯದಾಗಿರಲಿ.

ಸಿವಿಲ್ ವಕೀಲ

ಅಮ್ಮಾ, ನಿಮ್ಮ ನೋವು ನ್ಯಾಯವಾದದ್ದು. ಭಾಷಾಂತರಕಾರರೇ, ನಿಮ್ಮ ಪ್ರಯತ್ನಕ್ಕೂ ನನ್ನ ಬೆಂಬಲವಿದೆ. ಆದರೂ ಮೂವತ್ತು ವರ್ಷ ಕೋರ್ಟಿನಲ್ಲಿ ನಿಂತವನಾಗಿ ಒಂದು ಎಚ್ಚರಿಕೆಯ ಮಾತು ಹೇಳುತ್ತೇನೆ. ಕಾನೂನಿನ ಪದ ಹಳೆಯ ಮನೆಯ ಕಂಬವಿದ್ದಂತೆ. ಬಣ್ಣ ಹೋಗಿದೆಯೆಂದು ಕಿತ್ತರೆ ಅದರ ಮೇಲೆ ಕುಳಿತ ತೊಲೆಯೂ ಬರುತ್ತದೆ. ಒಂದೊಂದು ಪದದ ಮೇಲೆಯೂ ಹತ್ತಾರು ವರ್ಷಗಳ ತೀರ್ಪುಗಳು ಕುಳಿತಿವೆ.

"ವಿಭಾಗ", ಅಂದರೆ ಕುಟುಂಬದ ಆಸ್ತಿ ಪಾಲಾಗುವುದು, ಎಂಬ ಪದದ ಕಥೆ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ನಮ್ಮ ರಾಜ್ಯವೇ ತಿದ್ದುಪಡಿ ತಂದು 1994ರ ಜುಲೈ 30ರಿಂದ ಹೆಣ್ಣುಮಕ್ಕಳನ್ನು ಅವಿಭಕ್ತ ಕುಟುಂಬದ ಹುಟ್ಟುಪಾಲುದಾರರನ್ನಾಗಿ ಮಾಡಿತು. ಕೇಂದ್ರಕ್ಕಿಂತ ಹನ್ನೊಂದು ವರ್ಷ ಮುಂಚೆ ಇಟ್ಟ ದೊಡ್ಡ ಹೆಜ್ಜೆ ಅದು. ಆದರೆ ಆ ದಿನಕ್ಕೆ ಮೊದಲೇ ಮದುವೆಯಾದ ಮಗಳಿಗೆ ಅದು ಅನ್ವಯಿಸುತ್ತಿರಲಿಲ್ಲ. ಅಕ್ಕನ ಮದುವೆ 1994ರ ಮೇ ತಿಂಗಳಲ್ಲಿ, ತಂಗಿಯ ಮದುವೆ ನವೆಂಬರಿನಲ್ಲಿ ಆಗಿದ್ದರೆ ಒಂದೇ ತಾಯಿಯ ಮಕ್ಕಳಲ್ಲಿ ತಂಗಿಗೆ ಹಕ್ಕು, ಅಕ್ಕನಿಗೆ ಇಲ್ಲ. 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ಆಗ ಇನ್ನೊಂದು ಬಾಗಿಲು ಮುಚ್ಚಬೇಕಿತ್ತು: ಹೆಣ್ಣುಮಕ್ಕಳಿಗೆ ಪಾಲು ತಪ್ಪಿಸಲು "ನಮ್ಮಲ್ಲಿ ಹಿಂದೆಯೇ ಬಾಯಿಮಾತಿನಲ್ಲಿ ಪಾಲಾಗಿದೆ" ಎಂದು ಹೇಳುವ ದಾರಿ. ಅದಕ್ಕಾಗಿ ಶಾಸಕಾಂಗವು ವಿಭಾಗ ಎಂದರೇನು ಎಂದು ಬರೆಯಿತು. ನೋಂದಣಿಯಾದ ಪತ್ರದ ಮೂಲಕ ಆದದ್ದು, ಇಲ್ಲವೇ ನ್ಯಾಯಾಲಯದ ಡಿಕ್ರಿಯಿಂದ ಆದದ್ದು. 2004ರ ಡಿಸೆಂಬರ್ 20ಕ್ಕೆ ಮೊದಲು ಆದ ವಿಭಾಗಗಳನ್ನು ಮುಟ್ಟಲಿಲ್ಲ.

ಆದರೆ ನಮ್ಮ ಹಳ್ಳಿಗಳಲ್ಲಿ ಪಾಲು ಆಗುವುದು ಹೇಗೆ? ಪಂಚರನ್ನು ಕೂರಿಸಿ, ಪಾಲುಪಟ್ಟಿ ಬರೆದು, ಒಬ್ಬೊಬ್ಬರು ತಮ್ಮ ತಮ್ಮ ಭಾಗ ಉಳುತ್ತಾ ಹೋಗುತ್ತಾರೆ. ನಿಜವಾಗಿ ಪಾಲಾಗಿದ್ದ ಮನೆಗಳೂ ಈ ವ್ಯಾಖ್ಯೆಯ ಬಲೆಗೆ ಬಿದ್ದವು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಬೇಕಾಗಿಲ್ಲ ಎಂದು ಹೇಳಿತು. ಅದೇ ತೀರ್ಪಿನಲ್ಲಿ, ಸಾರ್ವಜನಿಕ ದಾಖಲೆಗಳ ಬೆಂಬಲವಿದ್ದರೆ ಅಪರೂಪದ ಸಂದರ್ಭದಲ್ಲಿ ಬಾಯಿಮಾತಿನ ವಿಭಾಗವನ್ನೂ ಒಪ್ಪಬಹುದು ಎಂದಿತು. ಎರಡು ಸಾಲಿನ ವ್ಯಾಖ್ಯೆಯ ಅರ್ಥ ನೆಲೆಗೊಳ್ಳಲು ಹದಿನೈದು ವರ್ಷ ಬೇಕಾಯಿತು. ಆ ಹದಿನೈದು ವರ್ಷ ಕೋರ್ಟಿನ ಕಾರಿಡಾರಿನಲ್ಲಿ ಕಾದವರನ್ನು ನಾನು ನೋಡಿದ್ದೇನೆ. ಅವರಲ್ಲಿ ಕೆಲವರು ಈಗ ಇಲ್ಲ.

ಆದ್ದರಿಂದ ನಿಮ್ಮ ಮನವಿಯಲ್ಲಿ ಹೊಸ ಪದದ ಪಕ್ಕದಲ್ಲಿಯೇ ಅದು ಯಾವ ದಿನದಿಂದ, ಯಾರಿಗೆ, ಹಳೆಯ ವ್ಯವಹಾರಗಳ ಗತಿ ಏನು ಎಂಬುದೂ ಇರಬೇಕು.

ಕಾನೂನು ವಿದ್ಯಾರ್ಥಿನಿ

ಸರ್, ಒಂದು ಸಂದೇಹ. ಸಾಮಾನ್ಯ ಖಂಡಗಳ ಕಾಯ್ದೆಯ ಹದಿಮೂರನೆಯ ಪ್ರಕರಣದ ಪ್ರಕಾರ ಪುಲ್ಲಿಂಗದ ಪದದಲ್ಲಿ ಸ್ತ್ರೀಲಿಂಗವೂ ಸೇರುತ್ತದೆ. 1897ರಿಂದ ಇರುವ ನಿಯಮ ಅದು. ಹಾಗಿದ್ದ ಮೇಲೆ "ಮಾಲೀಕನು", "ಗೇಣಿದಾರನು" ಎಂದಿರುವುದನ್ನು ಬದಲಾಯಿಸುವ ಅಗತ್ಯವೇ ಇಲ್ಲವೆಂದು ನಮ್ಮ ತರಗತಿಯಲ್ಲಿ ವಾದ ಬಂದಿತು. ಉತ್ತರ ಕೊಡಲು ನನಗೆ ಆಗಲಿಲ್ಲ.

ಭಾಷಾಂತರಕಾರ

ನ್ಯಾಯಾಧೀಶರ ಮಟ್ಟಿಗೆ ಆ ನಿಯಮ ಸಾಕು, ತಂಗಿ. ಆದರೆ ಕಾನೂನಿನ ಪುಸ್ತಕ ನ್ಯಾಯಾಧೀಶರ ಮೇಜಿನ ಮೇಲೆ ಮಾತ್ರ ಇರುವುದಿಲ್ಲ. ನಮೂನೆ ಮುದ್ರಿಸುವವರು, ಅರ್ಜಿ ಬರೆದುಕೊಡುವವರು, ಕೌಂಟರಿನಲ್ಲಿ ಕುಳಿತವರು ಯಾರೂ ಸಾಮಾನ್ಯ ಖಂಡಗಳ ಕಾಯ್ದೆಯನ್ನು ಪಕ್ಕದಲ್ಲಿಟ್ಟುಕೊಂಡಿರುವುದಿಲ್ಲ. "ಉಳುವವನೇ ಭೂಮಿಯ ಒಡೆಯ" ಎಂಬ ಘೋಷಣೆ ಕೇಳಿ ಬೆಳೆದ ನಾಡು ನಮ್ಮದು. ಆ ಮಾತು ಸಾವಿರಾರು ಗೇಣಿದಾರರ ಬದುಕನ್ನು ಎತ್ತಿ ನಿಲ್ಲಿಸಿತು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ನಾಟಿ ಮಾಡಿ, ಕಳೆ ಕಿತ್ತು, ಒಕ್ಕಣೆಗೆ ನಿಂತವಳು ಆ ವಾಕ್ಯದಲ್ಲಿ ಎಲ್ಲಿದ್ದಾಳೆ?

ಈ ವಿಷಯದಲ್ಲಿ ಕನ್ನಡಕ್ಕೆ ಇಂಗ್ಲಿಷಿಗಿಂತ ಹೆಚ್ಚಿನ ಅನುಕೂಲವಿದೆ, ಅದನ್ನು ಇಲ್ಲಿ ಹೇಳಲೇಬೇಕು. ನಮ್ಮ ಕಾನೂನಿನ ಕನ್ನಡದಲ್ಲಿ ಕಡ್ಡಾಯವನ್ನು ಹೇಳುವುದು "ಸಲ್ಲಿಸತಕ್ಕದ್ದು", ಅನುಮತಿಯನ್ನು ಹೇಳುವುದು "ಸಲ್ಲಿಸಬಹುದು". ಈ ಎರಡು ಕ್ರಿಯಾರೂಪಗಳಲ್ಲಿಯೂ ಲಿಂಗವಿಲ್ಲ. "ಅವನು", "ಅವಳು" ಎಂದು ಒಡೆಯುವ ನಾಮಪದಗಳನ್ನು ಮಾತ್ರ ಸರಿಪಡಿಸಿದರೆ ಸಾಕು. "ಮಾಲೀಕನು ಸಲ್ಲಿಸತಕ್ಕದ್ದು" ಎಂಬುದು "ಮಾಲೀಕರು ಸಲ್ಲಿಸತಕ್ಕದ್ದು" ಎಂದಾದರೆ ವಾಕ್ಯದ ಬೇರೆ ಯಾವ ಭಾಗವನ್ನೂ ಮುಟ್ಟಬೇಕಾಗಿಲ್ಲ.

ತೊಡಕು ಒಂದೇ. "ಅವರು" ಎಂದರೆ ಗೌರವದ ಏಕವಚನವೂ ಹೌದು, ಬಹುವಚನವೂ ಹೌದು. ಜಂಟಿ ಮಾಲೀಕತ್ವ, ಪಾಲು, ನೋಟಿಸು ಜಾರಿ ಇರುವ ಕಡೆ ಈ ಗೊಂದಲ ಅಪಾಯ. "ಮಾಲೀಕರು ಸಹಿ ಮಾಡತಕ್ಕದ್ದು" ಎಂದರೆ ಎಲ್ಲ ಮಾಲೀಕರೇ, ಒಬ್ಬರು ಮಾಡಿದರೆ ಸಾಕೇ? ಅಂತಹ ಕಡೆ "ಪ್ರತಿಯೊಬ್ಬ ಮಾಲೀಕರು" ಅಥವಾ "ಮಾಲೀಕರಲ್ಲಿ ಯಾರಾದರೂ ಒಬ್ಬರು" ಎಂದು ಬಿಡಿಸಿ ಬರೆಯಬೇಕು. ಎರಡು ಪದ ಹೆಚ್ಚಾಗುತ್ತವೆ, ಜಗಳ ಕಡಿಮೆಯಾಗುತ್ತದೆ.

ನಿವೃತ್ತ ಕಂದಾಯ ನಿರೀಕ್ಷಕ

ಪದ ಬದಲಾಯಿಸುತ್ತೇವೆಂದು ಹೊರಟವರು ಸಾಮಾನ್ಯವಾಗಿ ಮಾಡುವ ತಪ್ಪೊಂದಿದೆ. ಜನರ ಬಾಯಲ್ಲಿರುವ ಪದವನ್ನು ತೆಗೆದು ಯಾರ ಬಾಯಿಗೂ ಬರದ ಸಂಸ್ಕೃತ ಪದವನ್ನು ತಂದು ಕೂರಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಪಹಣಿ ಮರಾಠಿಯಿಂದ ಬಂದದ್ದು, ನೋಡಿ ಪರಿಶೀಲಿಸುವುದು ಎಂದು ಅದರ ಅರ್ಥ. ಖರಾಬು, ಇನಾಮು, ದಾವಾ, ವಕಾಲತ್ತು ಇವು ಅರಬ್ಬಿ ಮೂಲದವು. ಬಗರ್ ಹುಕುಂ ಎಂದರೆ ಹುಕುಂ ಇಲ್ಲದೆ, ಆದೇಶವಿಲ್ಲದೆ. ಇವೆಲ್ಲ ಎಲ್ಲಿಂದಲೋ ಬಂದವು, ನಿಜ. ಆದರೆ ಓದು ಬಾರದ ಅಜ್ಜಿಗೂ ಪೌತಿ ಖಾತೆ ಎಂದರೆ ಗೊತ್ತು: ಯಜಮಾನರು ತೀರಿಕೊಂಡರು, ಖಾತೆ ಮಕ್ಕಳ ಹೆಸರಿಗೆ ಆಗಬೇಕು. ಅದನ್ನೇ "ಮರಣಾನಂತರದ ಉತ್ತರಾಧಿಕಾರ ಹಕ್ಕು ಬದಲಾವಣೆ" ಎಂದು ಬರೆದರೆ ಅವರು ಮಧ್ಯವರ್ತಿಯನ್ನು ಹುಡುಕಿಕೊಂಡು ಹೋಗುತ್ತಾರೆ, ಅವನ ಕೈಗೆ ದುಡ್ಡು ಇಡುತ್ತಾರೆ.

ಶಾನುಭೋಗರು ಹೋಗಿ ಗ್ರಾಮ ಲೆಕ್ಕಿಗರು ಬಂದರು, ಈಗ ಗ್ರಾಮ ಆಡಳಿತಾಧಿಕಾರಿ ಎನ್ನುತ್ತೇವೆ. ಶಾನುಭೋಗ ಎಂಬ ಹೆಸರು ಹೋದದ್ದಕ್ಕೆ ಕಾರಣವಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ಅಧಿಕಾರವನ್ನೇ ತೆಗೆಯಿತು. ಅಧಿಕಾರವೇ ಹೋದಾಗ ಹೆಸರು ಹೋಗುವುದು ಸರಿ. ಪಹಣಿಯ ಕೆಲಸ ಹಾಗೆಯೇ ಇದೆ, ಹಾಗಿದ್ದ ಮೇಲೆ ಹೆಸರನ್ನೇಕೆ ಮುಟ್ಟಬೇಕು?

ನಿಜವಾಗಿ ವ್ಯಾಖ್ಯೆ ಬೇಕಾಗಿರುವುದು "ಖಾತೆದಾರ" ಎಂಬ ಪದಕ್ಕೆ. "ಖಾತೆ ನನ್ನ ಹೆಸರಿನಲ್ಲಿದೆ, ಆದ್ದರಿಂದ ಜಮೀನು ನನ್ನದು" ಎಂದು ನಂಬಿ ಕ್ರಯ ಮಾಡಿಕೊಂಡು ಮೋಸಹೋದವರನ್ನು ಸೇವೆಯುದ್ದಕ್ಕೂ ನೋಡಿದೆ. ಭೂ ಕಂದಾಯ ಕಾಯ್ದೆಯ 133ನೆಯ ಪ್ರಕರಣದ ಪ್ರಕಾರ, ವಿರುದ್ಧವಾದದ್ದು ಸಾಬೀತಾಗುವವರೆಗೆ ಹಕ್ಕು ದಾಖಲೆಯ ನಮೂದನ್ನು ನಿಜವೆಂದು ಭಾವಿಸಬೇಕು. ಅದು ಮಾಲೀಕತ್ವದ ಅಂತಿಮ ತೀರ್ಮಾನವಲ್ಲ. ಈ ಒಂದು ಮಾತನ್ನು ಪ್ರತಿ ಪಹಣಿಯ ಕೆಳಗೆ ಸರಳ ಕನ್ನಡದಲ್ಲಿ ಅಚ್ಚು ಹಾಕಿದರೆ ಎಷ್ಟೋ ಮನೆಗಳು ಉಳಿಯುತ್ತವೆ.

ಕಡಲತೀರದವರು

ನಿರೀಕ್ಷಕರ ಮಾತಿಗೆ ನಮ್ಮ ಕಡೆಯ ಸಾಕ್ಷಿ ಸೇರಿಸುತ್ತೇನೆ. ಅಳಿಯಸಂತಾನ ಎಂದರೆ ಹೆಣ್ಣಿನ ಕಡೆಯಿಂದ ವಂಶ ಎಣಿಸುವ ನಮ್ಮ ಪದ್ಧತಿ. 1949ರ ಮದರಾಸು ಅಳಿಯಸಂತಾನ ಕಾಯ್ದೆಯ ಇಂಗ್ಲಿಷ್ ಪಠ್ಯದಲ್ಲಿ "ಕವರು" ಎಂಬ ನಮ್ಮ ಪದ ಹಾಗೆಯೇ ಇದೆ. ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣಿನ ಕಡೆಯಿಂದ ಇಳಿದುಬಂದ ಸಂತತಿ, ಇಷ್ಟನ್ನೂ ಹಿಡಿಯುವ ಇಂಗ್ಲಿಷ್ ಪದ ಸಿಗಲಿಲ್ಲವಾದ್ದರಿಂದ ಕರಡು ಮಾಡಿದವರು ನಮ್ಮ ಪದವನ್ನೇ ಇಟ್ಟುಕೊಂಡು ಅದಕ್ಕೆ ವ್ಯಾಖ್ಯೆ ಬರೆದರು. ಮೂಲಗೇಣಿ, ಅಂದರೆ ಶಾಶ್ವತ ಗೇಣಿ, ಅದೂ ಹಾಗೆಯೇ. 2011ರಲ್ಲಿ ಮೂಲಗೇಣಿ, ಒಳಮೂಲಗೇಣಿ ಒಕ್ಕಲುಗಳಿಗೆ ಮಾಲೀಕತ್ವ ಕೊಡಲು ಕಾಯ್ದೆ ಮಾಡಿದಾಗ ಹೆಸರಿನಲ್ಲಿಯೇ ಆ ಪದಗಳು ಬಂದವು. ಬೇರೆ ಪದ ಹಾಕಿದ್ದರೆ ಯಾರ ಬಗ್ಗೆ ಮಾತಾಡುತ್ತಿದ್ದಾರೆಂದು ನಮ್ಮ ಊರಿನವರಿಗೇ ತಿಳಿಯುತ್ತಿರಲಿಲ್ಲ.

ಗಡಿನಾಡು

ನಮ್ಮ ಉತ್ತರದ ಕಡೆ ವಾಟ್ನಿ ಎನ್ನುತ್ತೇವೆ, ಹಳೆಯ ಮೈಸೂರಿನವರು ಪಾಲು ಪಾರಿಖತ್ತು ಎನ್ನುತ್ತಾರೆ, ಪುಸ್ತಕದಲ್ಲಿ ವಿಭಾಗ ಪತ್ರ ಎಂದಿದೆ. 1956ರಲ್ಲಿ ಬೇರೆ ಬೇರೆ ಆಡಳಿತಗಳಿಂದ ಬಂದು ಒಂದಾದ ರಾಜ್ಯ ಇದು. ವ್ಯಾಖ್ಯೆಯಲ್ಲಿ "ವಿಭಾಗ ಪತ್ರ ಎಂದರೆ ವಾಟ್ನಿ ಪತ್ರ, ಪಾಲು ಪಾರಿಖತ್ತು ಮುಂತಾದ ಯಾವುದೇ ಹೆಸರಿನಿಂದ ಕರೆಯುವ ಪತ್ರ" ಎಂದು ಸೇರಿಸಿದರೆ ಯಾರ ಪದವೂ ಸಾಯುವುದಿಲ್ಲ.

ದೊಡ್ಡಮಗಳು

ಹೆಸರು ಏನೇ ಇರಲಿ, ಒಳಗೆ ಬರೆದದ್ದು ಮುಖ್ಯ. ನಮ್ಮ ಚಿಕ್ಕಮ್ಮನಿಗೆ ಒಂದು ಎಕರೆಯನ್ನು "ಅರಿಶಿನ ಕುಂಕುಮಕ್ಕೆ" ಕೊಟ್ಟಿದ್ದರು. ಅದು ದಾನವೇ, ಪಾಲೇ, ಅವರು ಬದುಕಿರುವವರೆಗೆ ಅನುಭವಿಸುವ ಹಕ್ಕೇ? ಅವರು ತೀರಿಕೊಂಡ ಮೇಲೆ ಅವರ ಮಕ್ಕಳಿಗೂ ಸೋದರಮಾವಂದಿರಿಗೂ ಮಾತು ನಿಂತುಹೋಯಿತು.

ಸಿವಿಲ್ ವಕೀಲ

ದಾನವಾಗಿದ್ದರೆ ಆಸ್ತಿ ವರ್ಗಾವಣೆ ಕಾಯ್ದೆಯ 123ನೆಯ ಪ್ರಕರಣದಂತೆ ನೋಂದಣಿ ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು, ಬಾಯಿಮಾತು ಸಾಲದು. ಪಾಲಿನ ಬದಲಿಗೋ ಜೀವನಾಂಶದ ಬಾಬ್ತಿಗೋ ಕೊಟ್ಟದ್ದೆಂದು ತೋರಿಸಲು ಸಾಧ್ಯವಾದರೆ ಉತ್ತರಾಧಿಕಾರ ಕಾಯ್ದೆಯ 14ನೆಯ ಪ್ರಕರಣ ಅದನ್ನು ಅವರ ಪೂರ್ಣ ಸ್ವತ್ತನ್ನಾಗಿ ಮಾಡಬಹುದು. ಪತ್ರದ ಒಕ್ಕಣೆಯನ್ನು ನೋಡದೆ ಇದಕ್ಕಿಂತ ಮುಂದೆ ಹೇಳುವುದು ತಪ್ಪಾಗುತ್ತದೆ.

ನಿಮ್ಮ ಪ್ರಶ್ನೆ ಮನವಿಗೆ ಸೇರಬೇಕು. ಜನ ಇಷ್ಟು ವ್ಯಾಪಕವಾಗಿ ಬಳಸುವ ಒಂದು ಪದ್ಧತಿಯ ಬಗ್ಗೆ ಕಾಯ್ದೆಯ ವ್ಯಾಖ್ಯೆಯಲ್ಲಿ ಒಂದು ಸಾಲೂ ಇಲ್ಲದಿರುವುದು ನಿಜವಾದ ಕೊರತೆ.

ಕಾನೂನು ವಿದ್ಯಾರ್ಥಿನಿ

ಅವಮಾನಕರ ಪದಗಳ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. 1963ರ ಕಾಲಮಿತಿ ಕಾಯ್ದೆಯ ಆರನೆಯ ಪ್ರಕರಣದಲ್ಲಿ ದಾವೆ ಹೂಡಲು ಅಶಕ್ತರಾದವರನ್ನು ಹೇಳುವಾಗ ಅಪ್ರಾಪ್ತರು, ಹುಚ್ಚರು, ಜಡಬುದ್ಧಿಯವರು ಎಂಬರ್ಥದ ಇಂಗ್ಲಿಷ್ ಪದಗಳಿವೆ. ಕರಾರು ಕಾಯ್ದೆಯ ಒಂದು ನಿದರ್ಶನದಲ್ಲಿ ಹುಚ್ಚಾಸ್ಪತ್ರೆಯ ರೋಗಿ ಬರುತ್ತಾನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಾದರೋ, ಮಾನಸಿಕ ಕಾಯಿಲೆ ಇದೆಯೆಂಬ ಕಾರಣಕ್ಕೇ ಒಬ್ಬರನ್ನು ಅಸ್ವಸ್ಥಚಿತ್ತರೆಂದು ಭಾವಿಸಬಾರದು, ಅದನ್ನು ನ್ಯಾಯಾಲಯ ಘೋಷಿಸಬೇಕು ಎನ್ನುತ್ತದೆ. ಆ ಹಳೆಯ ಪದಗಳು ಇನ್ನೂ ಏಕಿವೆ? ನನ್ನ ಅಣ್ಣ ಔಷಧಿ ತೆಗೆದುಕೊಳ್ಳುತ್ತಾ ಉದ್ಯೋಗ ಮಾಡುತ್ತಿದ್ದಾನೆ, ತನ್ನ ತೆರಿಗೆ ತಾನೇ ಕಟ್ಟುತ್ತಾನೆ. ಆ ಪುಟವನ್ನು ಅವನ ಮುಂದೆ ತೆರೆಯಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೊಂದು ಪದ "ಅನೌರಸ". ಅಸಿಂಧು ವಿವಾಹದಿಂದ, ಅಂದರೆ ಕಾನೂನು ಮಾನ್ಯ ಮಾಡದ ಮದುವೆಯಿಂದ, ಹುಟ್ಟಿದ ಮಕ್ಕಳಿಗೆ ತಂದೆತಾಯಿಯ ಆಸ್ತಿಯಲ್ಲಿ, ಅವಿಭಕ್ತ ಕುಟುಂಬದಲ್ಲಿ ಆ ತಂದೆ ಅಥವಾ ತಾಯಿಗೆ ಸಲ್ಲಬೇಕಾಗಿದ್ದ ಪಾಲೂ ಸೇರಿದಂತೆ, ಹಕ್ಕಿದೆ ಎಂದು ಸುಪ್ರೀಂ ಕೋರ್ಟು 2023ರ ಸೆಪ್ಟೆಂಬರ್ 1ರಂದು ಹೇಳಿದೆ. ಆ ಪ್ರಕರಣ ಹುಟ್ಟಿದ್ದು ನಮ್ಮ ಕರ್ನಾಟಕದಲ್ಲಿಯೇ. ಹಕ್ಕು ಬಂದ ಮೇಲೂ ದಾವಾ ಅರ್ಜಿಗಳಲ್ಲಿ ಮಕ್ಕಳಿಗೆ ಆ ಪದವನ್ನು ಅಂಟಿಸುತ್ತಲೇ ಇದ್ದಾರೆ.

ಸಿವಿಲ್ ವಕೀಲ

ಈ ಪದಗಳ ವಿಷಯದಲ್ಲಿ ನನ್ನ ಕಂಬದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಇವುಗಳನ್ನು ಕಿತ್ತರೆ ಯಾವ ತೊಲೆಯೂ ಬೀಳುವುದಿಲ್ಲ. 2019ರಲ್ಲಿ ವೈಯಕ್ತಿಕ ಕಾನೂನುಗಳಿಂದ ಕುಷ್ಠರೋಗವನ್ನು ವಿಚ್ಛೇದನದ ಕಾರಣವಾಗಿ ಇಟ್ಟಿದ್ದ ಸಾಲುಗಳನ್ನು ತೆಗೆದರು, ಯಾವ ಗೊಂದಲವೂ ಆಗಲಿಲ್ಲ. ಕಾಲಮಿತಿ ಕಾಯ್ದೆ ಕೇಂದ್ರದ್ದಾದರೂ ವಿಷಯ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿರುವುದರಿಂದ, ರಾಷ್ಟ್ರಪತಿಯವರ ಅಂಕಿತ ಪಡೆದು ರಾಜ್ಯವೇ ತನ್ನ ಮಟ್ಟಿಗೆ ತಿದ್ದಬಹುದು.

ನಿವೃತ್ತ ಕಂದಾಯ ನಿರೀಕ್ಷಕ

ತಿದ್ದುವ ಕೆಲಸ ಅಸಾಧ್ಯವೇನಲ್ಲ. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಬದಲಾದಾಗ ಒಂದೇ ಅಳವಡಿಕೆ ಆದೇಶದಿಂದ ಕಾಯ್ದೆಗಳಲ್ಲಿದ್ದ "ಮೈಸೂರು" ಎಂಬುದು "ಕರ್ನಾಟಕ" ಎಂದಾಯಿತು.

ಭಾಷಾಂತರಕಾರ

ಹೌದು, ಆದರೆ ಅದು ಹೆಸರು. ಉಳಿದ ಪದಗಳನ್ನು ಹಾಗೆ ಸಾರಾಸಗಟಾಗಿ ಬದಲಾಯಿಸಲು ಬರುವುದಿಲ್ಲ. ಇಂಗ್ಲಿಷಿನ "ಇಶ್ಯೂ" ಎಂಬ ಒಂದೇ ಪದ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ವಿವಾದಾಂಶ, ಉತ್ತರಾಧಿಕಾರದಲ್ಲಿ ಸಂತತಿ. ಕಂಪ್ಯೂಟರಿನಿಂದ ಅನುವಾದವಾಗಿ ಬಂದ ಒಂದು ಹಾಳೆಯಲ್ಲಿ ಮಕ್ಕಳಿಲ್ಲದೆ ತೀರಿಕೊಂಡವರನ್ನು "ಸಮಸ್ಯೆಯಿಲ್ಲದೆ ಮೃತಪಟ್ಟರು" ಎಂದು ಬರೆದಿದ್ದನ್ನು ನಾನೇ ತಿದ್ದಿದ್ದೇನೆ. ಕನ್ನಡದಲ್ಲಿಯೂ ಇಂತಹ ಅಪಾಯಗಳಿವೆ. "ಪ್ರಕರಣ" ಎಂದರೆ ಕಾಯ್ದೆಯಲ್ಲಿ ಕಲಂ, ಪತ್ರಿಕೆಯಲ್ಲಿ ಕೇಸು. ಮೇಲಿನ ಬರಹಗಳಲ್ಲಿಯೇ ಆ ಪದ ಎರಡೂ ಅರ್ಥದಲ್ಲಿ ಬಂದಿದೆ.

ಇದರ ಮೇಲೆ ಸಂವಿಧಾನದ 348ನೆಯ ವಿಧಿ ಇದೆ. ರಾಜ್ಯದ ಕಾಯ್ದೆ ಕನ್ನಡದಲ್ಲಿ ಅಂಗೀಕಾರವಾದರೂ ರಾಜ್ಯಪಾಲರ ಅಧಿಕಾರದಿಂದ ಪ್ರಕಟವಾದ ಇಂಗ್ಲಿಷ್ ಅನುವಾದವನ್ನು ಇಂಗ್ಲಿಷಿನಲ್ಲಿ ಅದರ ಅಧಿಕೃತ ಪಠ್ಯವೆಂದು ಭಾವಿಸಬೇಕು. ಹಾಗಾಗಿ ಎರಡೂ ಪಠ್ಯಗಳನ್ನು ಒಟ್ಟಿಗೆ ತಿದ್ದದಿದ್ದರೆ ನಮ್ಮ ಒಳ್ಳೆಯ ಕನ್ನಡ ಗೋಡೆಗೆ ಅಂಟಿಸಿದ ಚಿತ್ರವಾಗಿಯೇ ಉಳಿಯುತ್ತದೆ.

ಕುಟುಂಬದ ವ್ಯಾಖ್ಯೆಗೆ ನನ್ನ ಕರಡು ಇದು: "ಕುಟುಂಬ ಎಂದರೆ ಒಬ್ಬ ವ್ಯಕ್ತಿ, ಆ ವ್ಯಕ್ತಿಯ ಗಂಡ ಅಥವಾ ಹೆಂಡತಿ ಮತ್ತು ಹದಿನೆಂಟು ವರ್ಷ ತುಂಬದ ಅವರ ಮಕ್ಕಳು."

ಸಿವಿಲ್ ವಕೀಲ

ದತ್ತು ಮಕ್ಕಳನ್ನು ಸ್ಪಷ್ಟವಾಗಿ ಸೇರಿಸಿ. "ಮಕ್ಕಳು" ಎಂದು ಬರೆದದ್ದು ಒಳ್ಳೆಯದಾಯಿತು. ತೃತೀಯ ಲಿಂಗಿಗಳನ್ನು ಸುಪ್ರೀಂ ಕೋರ್ಟು 2014ರಲ್ಲಿ ಗುರುತಿಸಿದ ಮೇಲೆ ಗಂಡುಮಕ್ಕಳು, ಹೆಣ್ಣುಮಕ್ಕಳು ಎಂದು ಒಡೆದರೆ ಯಾರೋ ಒಬ್ಬರು ಹೊರಗೆ ಉಳಿಯುತ್ತಾರೆ. ಜಾರಿಯ ದಿನಾಂಕ, ಹಳೆಯ ಆದೇಶಗಳ ರಕ್ಷಣೆ ಇವೂ ಬೇಕು. ಇಲ್ಲದಿದ್ದರೆ 1974ರಿಂದ ಮುಗಿದುಹೋದ ಗರಿಷ್ಠ ಮಿತಿಯ ಕಡತಗಳನ್ನೆಲ್ಲ ಮತ್ತೆ ತೆರೆಯಲು ಸಾಲು ನಿಲ್ಲುತ್ತಾರೆ.

ದೊಡ್ಡಮಗಳು

ನನ್ನದೊಂದು ಪ್ರಶ್ನೆ. ನಮ್ಮ ಪಕ್ಕದ ಮನೆಯಲ್ಲಿ ಇಪ್ಪತ್ತಾರು ವರ್ಷದ ಹುಡುಗ ಇದ್ದಾನೆ, ಹುಟ್ಟಿನಿಂದ ಎದ್ದು ನಿಂತವನಲ್ಲ. ಅಮ್ಮನೇ ಎಲ್ಲ. ನಿಮ್ಮ ವ್ಯಾಖ್ಯೆಯಲ್ಲಿ 18 ತುಂಬಿದ ದಿನ ಅವನು ಕುಟುಂಬದಿಂದ ಹೊರಗೆ ಹೋಗುತ್ತಾನೆಯೇ? ಹೊರಗೆ ಹೋಗುವುದು ನನಗೆ ಬೇಕಾಗಿತ್ತು. ಅವನಿಗೆ ಬೇಕೇ ಎಂದು ಕೇಳಬೇಕಲ್ಲವೇ?

ಭಾಷಾಂತರಕಾರ

ಈ ಪ್ರಶ್ನೆಯನ್ನು ಇಟ್ಟುಕೊಂಡು ಎರಡು ದಿನ ಕುಳಿತೆ. ವಕೀಲರೊಂದಿಗೆ ಫೋನಿನಲ್ಲಿ ಮಾತನಾಡಿ ತಿದ್ದಿದ ಕರಡು ಹೀಗಿದೆ:

"ಕುಟುಂಬ ಎಂದರೆ ಒಬ್ಬ ವ್ಯಕ್ತಿ, ಆ ವ್ಯಕ್ತಿಯ ಗಂಡ ಅಥವಾ ಹೆಂಡತಿ, ಮತ್ತು ದತ್ತು ಮಕ್ಕಳೂ ಸೇರಿದಂತೆ ಹದಿನೆಂಟು ವರ್ಷ ತುಂಬದ ಅವರ ಮಕ್ಕಳು. ಅಂಗವೈಕಲ್ಯದ ಕಾರಣದಿಂದ ತಂದೆತಾಯಿಯ ಆರೈಕೆಯಲ್ಲಿರುವ ವಯಸ್ಕ ಮಗುವು ತನ್ನ ಇಚ್ಛೆಯಂತೆ ಆ ಕುಟುಂಬದಲ್ಲಿ ಮುಂದುವರಿಯಬಹುದು ಅಥವಾ ಪ್ರತ್ಯೇಕವಾಗಿ ಎಣಿಕೆಯಾಗಬಹುದು. ಇಚ್ಛೆಯನ್ನು ತಿಳಿಸಲು ಬೇಕಾದ ನೆರವನ್ನು ಅಧಿಕಾರಿಯು ಒದಗಿಸತಕ್ಕದ್ದು. ಈ ತಿದ್ದುಪಡಿ ಜಾರಿಗೆ ಬರುವ ಮೊದಲು ಅಂತಿಮಗೊಂಡ ಯಾವುದೇ ಆದೇಶಕ್ಕೆ ಇದರಿಂದ ಬಾಧೆ ಇರತಕ್ಕದ್ದಲ್ಲ."

ಪಹಣಿ, ಪೌತಿ, ಖರಾಬು, ಮೂಲಗೇಣಿ, ವಾಟ್ನಿ ಇವುಗಳನ್ನು ಮುಟ್ಟಬಾರದೆಂದು ಪ್ರತ್ಯೇಕ ಪುಟದಲ್ಲಿ ಬರೆದಿದ್ದೇನೆ. ಖಾತೆದಾರ ಮತ್ತು ಅರಿಶಿನ ಕುಂಕುಮದ ಜಮೀನಿನ ವ್ಯಾಖ್ಯೆಗಳನ್ನು ನಿರೀಕ್ಷಕರೂ ವಕೀಲರೂ ಒಟ್ಟಿಗೆ ಕುಳಿತು ಬರೆದುಕೊಡುವುದಾಗಿ ಒಪ್ಪಿದ್ದಾರೆ. ಕಾಲಮಿತಿ ಕಾಯ್ದೆಯ ಭಾಗವನ್ನು ವಿದ್ಯಾರ್ಥಿನಿ ಸಿದ್ಧಪಡಿಸುತ್ತಿದ್ದಾರೆ. ಭಾನುವಾರದೊಳಗೆ ತಿದ್ದುಪಡಿಗಳಿದ್ದರೆ ತಿಳಿಸಿ.

ದೊಡ್ಡಮಗಳು

ಕರಡನ್ನು ಅಪ್ಪನಿಗೆ ಎರಡು ಸಲ ಓದಿ ಹೇಳಿದೆ. "ವ್ಯಕ್ತಿ" ಎಂದರೆ ಯಾರು ಎಂದು ಕೇಳಿದರು. ನೀವೂ ಹೌದು, ನಾನೂ ಹೌದು ಎಂದೆ. ಸಹಿ ಮಾಡಲು ಬಲಗೈ ಬರುವುದಿಲ್ಲ, ಎಡಗೈ ಹೆಬ್ಬೆಟ್ಟು ಒತ್ತಿದ್ದಾರೆ. ಅದರ ಕೆಳಗೆ, ಬೇರೆ ಸಾಲಿನಲ್ಲಿ, ನನ್ನ ಸಹಿ ಇದೆ.